ಹಿತ್ತಲಿನ ಹಸಿರು ವೈರು

"ಇನ್ನು ಮೇಲೆ ಈ ಮನೆಯಲ್ಲಿ ಎಲೆಕ್ಟ್ರಿಷಿಯನ್ ಎಂಬ ಶಬ್ದ ಯಾರ ಬಾಯಲ್ಲೂ ಬರಕೂಡದು!"

ಸ್ಕ್ರೂಡ್ರೈವರನ್ನು ಖಡ್ಗದಂತೆ ಎತ್ತಿ ಹಿಡಿದು ನಾನು ಹೀಗೆ ಸಾರಿದಾಗ, ನನ್ನಾಕೆ ಮರದ ಸೌಟಿನಿಂದ ಫ್ರಿಜ್ಜಿನ ಬಾಗಿಲು ತೆಗೆಯುತ್ತಿದ್ದಳು. ಕೈ ತಾಗಿಸಿದರೆ ಅದು ಜುಮ್ಮೆನ್ನುತ್ತಿತ್ತು. ರಬ್ಬರ್ ಚಪ್ಪಲಿ ಮತ್ತು ಸೌಟಿನ ನೆರವಿನಿಂದ ನಾವು ಹೇಗೋ ಅದರ ಜೊತೆ ಸಂಸಾರ ಮಾಡಿಕೊಂಡಿದ್ದೆವು. ಆದರೆ ಅಂದು ಸಂಜೆ ನಮ್ಮತ್ತೆ ಬರುವವರಿದ್ದರು. ಮಂಡಿಯ ಆಪರೇಷನ್ ಆಗಿ ಕಬ್ಬಿಣದ ವಾಕರ್ ಹಿಡಿದು ನಡೆಯುತ್ತಿದ್ದರು.

"ರೀ, ತಮಾಷೆ ಅಲ್ಲ. ಆ ವಾಕರ್ ಫ್ರಿಜ್ಜಿಗೆ ತಾಗಿ ಅಮ್ಮಂಗೇನಾದ್ರೂ ಆದ್ರೆ ಏನು ಗತಿ? ಫೋನ್ ಮಾಡಿ ಅವನಿಗೆ."

"ಒಂದು ಅರ್ಥ್ ವೈರ್ ಬಿಗಿ ಮಾಡೋಕೆ ಅವನ್ಯಾಕೆ? ನಿಮ್ಮಮ್ಮ ಬರೋಷ್ಟರಲ್ಲಿ ಫ್ರಿಜ್ಜು ಹಸು ಥರ ಸಾಧು ಆಗಿರುತ್ತೆ, ನೋಡ್ತಿರು!"

ಅವಳು ಬಕೆಟ್ ಹಿಡಿದು ಹಿತ್ತಲಿಗೆ ನಡೆದಳು. ಅಲ್ಲಿ ಮೂಲೆಯಲ್ಲಿ ಒಂದು ಸಿಮೆಂಟ್ ಮುಚ್ಚಳವಿದೆ. ಅದರ ನಡುವಿನ ತೂತಿಗೆ ನೀರು ಹೊಯ್ಯುವುದು ಅವಳ ಅಭ್ಯಾಸ. ಸುತ್ತ ಗಿಡವಿಲ್ಲ, ಒಂದು ಗರಿಕೆಯೂ ಇಲ್ಲ.

"ಏನೇ, ಸಿಮೆಂಟು ಮೊಳಕೆ ಒಡೆಯುತ್ತೆ ಅಂತ ಕಾಯ್ತಿದೀಯಾ?"

"ಯಾಕೆ ಅಂತ ಹೇಳಿದ್ರೆ ಕೇಳೋ ವ್ಯವಧಾನ ನಿಮಗಿದ್ಯಾ?"

ಇರಲಿಲ್ಲ. ನನಗೆ ಕೆಲಸವಿತ್ತು!

ಮೇನ್ ಸ್ವಿಚ್ ಆಫ್ ಮಾಡಿ ಫ್ರಿಜ್ಜಿನ ಸಾಕೆಟ್ ಬಿಚ್ಚಿದೆ. ಮೂರು ತೂತುಗಳಲ್ಲಿ ದೊಡ್ಡದು ಅರ್ಥಿನದು. ಯಂತ್ರದ ಮೈಗೆ ಕರೆಂಟು ಸೋರಿದರೆ ಅದು ನಮ್ಮ ಮೈ ಹೊಗದೆ ಹಸಿರು ವೈರಿನಲ್ಲಿ ಸೀದಾ ನೆಲಕ್ಕೆ ಇಳಿಯಬೇಕು. ಆ ವೈರೋ, ಸ್ಕ್ರೂ ಬಿಟ್ಟು ಮುನಿಸಿಕೊಂಡು ಪಕ್ಕಕ್ಕೆ ತಿರುಗಿತ್ತು! ಒಂದರ ಗತಿ ಹೀಗಾದರೆ ಉಳಿದವು? ವಾಷಿಂಗ್ ಮಶೀನ್, ಗೀಸರ್, ಓವನ್ ಎಲ್ಲದರ ಸಾಕೆಟ್ಟೂ ಬಿಚ್ಚಿದೆ. ತುದಿ ಸುಲಿದು, ಎಳೆಗಳನ್ನು ಹೊಸೆದು, ಸ್ಕ್ರೂ ಬಿಗಿದು, ಎಳೆದೆಳೆದು ನೋಡಿದೆ. ಒಂದೂ ಅಲುಗಲಿಲ್ಲ. ಮುಂದೆ ನೀವು ಹೇಗೂ ನಗುತ್ತೀರಿ, ಆದ್ದರಿಂದ ಈಗಲೇ ಹೇಳಿಬಿಡುತ್ತೇನೆ: ಆ ಕೆಲಸವನ್ನು ನಾನು ನಿಜಕ್ಕೂ ಚೆನ್ನಾಗಿ ಮಾಡಿದೆ.

ಕೆಲವು ವೈರುಗಳು ಗಿಡ್ಡವಾಗಿ ಸ್ಕ್ರೂವಿಗೆ ಎಟುಕುತ್ತಿರಲಿಲ್ಲ. ತುಂಡು ಸೇರಿಸಬೇಕಿತ್ತು. ಅಂಗಡಿಗೆ ಹೋಗಲು ಸೋಮಾರಿತನ. ಹಿತ್ತಲ ಗೋಡೆಯ ಮೇಲೆ ಒಂದು ಹಸಿರು ವೈರು ಯಾರ ಹಂಗೂ ಇಲ್ಲದೆ ಇಳಿದಿತ್ತು. ಅದಕ್ಕೊಂದು ಸ್ವಿಚ್ಚಿಲ್ಲ, ಬಲ್ಬಿಲ್ಲ, ಸುಮ್ಮನೆ ಮಣ್ಣಿಗೆ ಹೋಗಿತ್ತು. ದಂಡಪಿಂಡ ಎಂದುಕೊಂಡು ಒಂದು ಮಾರು ಕತ್ತರಿಸಿದೆ. ಸ್ವಲ್ಪ ದಪ್ಪವಿತ್ತು. ಸ್ಕ್ರೂಗಳು ಗೊಣಗುತ್ತಲೇ ಒಪ್ಪಿಕೊಂಡವು.

ಮೇನ್ ಆನ್ ಮಾಡಿ, "ಮುಟ್ಟು ಮಹಾರಾಣಿ!" ಎಂದೆ.

ಅವಳು ಬೆರಳ ತುದಿ ತಾಗಿಸಿದಳು. "ಅಯ್ಯಮ್ಮಾ!" ಎಂದು ಹಿಂದೆ ಹಾರಿ ವಾಷಿಂಗ್ ಮಶೀನಿಗೆ ತಾಗಿದಳು. "ಅಯ್ಯಯ್ಯೋ!"

ನಾನು ಓಡಿಹೋಗಿ ಓವನ್ನಿಗೆ ಟೆಸ್ಟರ್ ಇಟ್ಟೆ, ಉರಿಯಿತು. ಗೀಸರಿಗೆ ಇಟ್ಟೆ, ಅಲ್ಲೂ ಉರಿಯಿತು.

"ಮೊದಲು ಒಂದೇ ಕಚ್ತಿತ್ತು, ಈಗ ಎಲ್ಲಾ ಕಚ್ತಾವೆ! ಏನ್ರೀ ಮಾಡಿದ್ರಿ?"

"ಬಿಗಿ ಮಾಡಿದೆ ಅಷ್ಟೇ..."

ಓಡಿಹೋಗಿ ಮೇನ್ ಆಫ್ ಮಾಡಿದೆ. ಅತ್ತೆಯ ವಾಕರ್ ನೆನೆದು ನಿಜವಾಗಿ ಹೆದರಿದೆ. ಅಷ್ಟರಲ್ಲೇ ಹೊರಗೆ ಕಾರು ನಿಂತಿತು.

"ಅಮ್ಮಾ, ಒಳಗೆ ಬರಬೇಡ!" ಎಂದು ಕಿರುಚಿದಳು ನನ್ನಾಕೆ.

"ಯಾಕೇ? ಅಳಿಯಂದ್ರಿಗೆ ನಾನು ಬರೋದು ಇಷ್ಟ ಇಲ್ವಾ?"

ಅತ್ತೆಯನ್ನು ಬಾಗಿಲ ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಆ ನಿಷಿದ್ಧ ಶಬ್ದವನ್ನು ನಾನೇ ಫೋನಿನಲ್ಲಿ ಉಚ್ಚರಿಸಿದೆ.

ಎಲೆಕ್ಟ್ರಿಷಿಯನ್ ಬಂದು ಸಾಕೆಟ್ಟುಗಳನ್ನು ನೋಡಿದ. "ಅರೆ, ಟೈಟಾಗಿ ಕೂರಿಸಿದಾರೆ! ಯಾರ ಕೆಲಸ?"

"ನಂದೇ!" ಎದೆ ಉಬ್ಬಿತು.

ಆಮೇಲೆ ಹಿತ್ತಲಿಂದ ಅವನ ದನಿ ಬಂತು: "ಮನೆಯ ಮೇನ್ ಅರ್ಥ್ ವೈರನ್ನೇ ಕತ್ತರಿಸಿದಾರಲ್ರೀ! ಇದ್ಯಾರ ಕೆಲಸ?"

ನಾನು ಸೂರು ನೋಡಿದೆ.

"ಅವರದ್ದೇ. ಎರಡೂ ಅವರದ್ದೇ," ಎಂದಳು ನನ್ನಾಕೆ.

ಫ್ರಿಜ್ಜಿನಿಂದ ಸೋರಿದ ಕರೆಂಟಿಗೆ ನೆಲದ ದಾರಿ ಕಡಿದು, ನನ್ನ ಬಿಗಿಯಾದ ಸ್ಕ್ರೂಗಳ ಮೂಲಕ ಅದನ್ನು ಮನೆಗೆಲ್ಲ ನಾನೇ ಹಂಚಿದ್ದೆ! ನನ್ನಾಕೆ ಹಣೆ ಚಚ್ಚಿಕೊಂಡಳು. "ಆ ವೈರು ಇಳಿಯೋ ಗುಂಡಿ ಒಣಗಿದ್ರೆ ಕರೆಂಟು ನೆಲಕ್ಕೆ ಇಳಿಯಲ್ಲ ಅಂತ ತಾನೇ ನಾನು ದಿನಾ ನೀರು ಹಾಕ್ತಿದ್ದಿದ್ದು!"

ಅವನು ಗುಂಡಿಗೆ ಹೊಸ ವೈರು ಎಳೆದ. ಫ್ರಿಜ್ಜಿನೊಳಗೆ ಸೋರುತ್ತಿದ್ದುದನ್ನೂ ಸರಿಪಡಿಸಿದ. ಟೆಸ್ಟರ್ ಎಲ್ಲೂ ಉರಿಯಲಿಲ್ಲ. "ಬಾಮ್ಮ, ಇನ್ನು ಭಯ ಇಲ್ಲ," ಎಂದು ಮಗಳು ಕರೆದಳು. ಅತ್ತೆ ವಾಕರ್ ಊರಿಕೊಂಡು ಬಂದು ಫ್ರಿಜ್ಜಿನಿಂದ ದೂರವೇ ನಿಂತರು.

"ಮೊದಲು ಅಳಿಯಂದ್ರು ಮುಟ್ಲಿ."

ಕಣ್ಣು ಮುಚ್ಚಿಕೊಂಡು ಮುಟ್ಟಿದೆ. ತಣ್ಣಗಿತ್ತು, ಅಷ್ಟೇ.

ಅಂದಿನಿಂದ ಗುಂಡಿಗೆ ನೀರು ಹೊಯ್ಯುವ ಕೆಲಸ ನನ್ನದು. ಮರುದಿನ ಬೆಳಿಗ್ಗೆ ಬಕೆಟ್ ಬಗ್ಗಿಸುತ್ತಿದ್ದೆ. ಮಗಳಿಂದ ಎಲ್ಲ ಕೇಳಿ ತಿಳಿದಿದ್ದ ಅತ್ತೆ ಹಿತ್ತಲ ಬಾಗಿಲಲ್ಲಿ ಬಂದು ನಿಂತರು.

"ಅಳಿಯಂದ್ರೇ, ಇನ್ನೊಂದು ಬಕೆಟ್ ಹಾಕಿ. ಸಿಮೆಂಟು ಇವತ್ತಾದ್ರೂ ಮೊಳಕೆ ಒಡೀಬಹುದು!"