ಒಬ್ಬನೇ ಮಗ

ಇನ್ನೊಬ್ಬರು ಬರೆದದ್ದನ್ನು ಓದುತ್ತಾ, ಇನ್ನೊಬ್ಬರು ತಂದದ್ದಕ್ಕೆ ಸಹಿ ಹಾಕುತ್ತಾ ರಾಜ್ಯಪಾಲರು ನಾಲ್ಕು ವರ್ಷ ನೆಮ್ಮದಿಯಾಗಿದ್ದರು. ಆ ಬೆಳಿಗ್ಗೆ ಸ್ವಂತವಾಗಿ ಒಂದು ಸಾಲು ಬರೆದರು. ಅಲ್ಲಿಗೆ ಎಲ್ಲ ಕೆಟ್ಟಿತು.

‘ಅವ್ವ ತೀರಿಕೊಂಡಿದ್ದಾಳೆ, ಮುಖ ನೋಡಿ ಬರಲು ಮೂರು ದಿನ ರಜೆ ಬೇಕು.’

ರಾಜ್ಯದ ಗಡಿ ದಾಟಬೇಕಾದರೆ ರಾಜ್ಯಪಾಲರಿಗೂ ದೇಶದ ರಾಜಧಾನಿಯಿಂದ ಅನುಮತಿ ಬೇಕು. ಊರು ನಾಲ್ಕು ಗಂಟೆಯ ದಾರಿ. ಸಂಜೆಯೊಳಗೆ ಮಣ್ಣು ಮಾಡಬಹುದು ಎಂದುಕೊಂಡು ಅವರು ಚಪ್ಪಲಿ ಮೆಟ್ಟಿಕೊಂಡೇ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಹತ್ತು ಗಂಟೆಗೆ ಕಾರ್ಯದರ್ಶಿ ಕೆಮ್ಮುತ್ತಾ ಬಂದರು.

“ಸಾರ್, ಒಂದು ಆಕ್ಷೇಪಣೆ. ತಮಗೆ ನಾಲ್ಕು ವರ್ಷ ಇದ್ದಾಗಲೇ ತಾಯಿ ತೀರಿಕೊಂಡರು ಅಂತ ತಮ್ಮ ಜೀವನ ಚರಿತ್ರೆಯ ಮೊದಲನೇ ಪುಟದಲ್ಲೇ ಇದೆ. ಎರಡನೇ ಸಲ ಹೇಗೆ ಅಂತ ಕೇಳಿದಾರೆ.”

“ಅಕ್ಕ ಕಣ್ರೀ! ನನ್ನ ಸಾಕಿದವಳು. ಅವ್ವ ಅಂತಲೇ ಕರೀತಿದ್ದೆ.”

ತಿದ್ದಿ ಕಳಿಸಿದ್ದಾಯಿತು. ಅಷ್ಟರಲ್ಲಿ ಬಂಗಲೆಯವರೆಲ್ಲ ಸಲಹೆ ಕೊಡಲು ಸಾಲುಗಟ್ಟಿದರು. ವೈದ್ಯರು ತೋಳಿಗೆ ಪಟ್ಟಿ ಸುತ್ತಿ, “ಅಳಬೇಡಿ ಸಾರ್, ಬಿ.ಪಿ. ಏರುತ್ತೆ” ಎಂದರು. ಅಂಗರಕ್ಷಕ, “ಅಳೋದಾದ್ರೆ ಒಳಗಡೆ ಸಾರ್, ಗೇಟಲ್ಲಿ ಪತ್ರಿಕೆಯವರಿದಾರೆ” ಎಂದ. ಅಡುಗೆಯವನು ಮಾತ್ರ ಯಾವ ಸಲಹೆಯೂ ಹೊಳೆಯದೆ ಒಂದು ಲೋಟ ನೀರು ತಂದಿಟ್ಟ.

ಹನ್ನೆರಡಕ್ಕೆ ಮತ್ತೆ ಕೆಮ್ಮು ಕೇಳಿಸಿತು.

“ಸಾರ್, ಅದೇ ಪುಟದಲ್ಲಿ ‘ಒಬ್ಬನೇ ಮಗ, ಹಿಂದುಮುಂದಿಲ್ಲದ ಅನಾಥ, ಸ್ವಂತ ಬಲದಿಂದ ಮೇಲೆ ಬಂದವರು’ ಅಂತಿದೆಯಂತೆ. ಅಕ್ಕ ಎಲ್ಲಿಂದ ಬಂದರು, ಸಾಕ್ಷಿ ಕಳಿಸಿ ಅಂತಾರೆ.”

ರಾಜ್ಯಪಾಲರು ತಲೆ ತಗ್ಗಿಸಿದರು. ಮೊದಲ ಚುನಾವಣೆಯಲ್ಲಿ ಪಕ್ಷದವರು, “ಅನಾಥ ಅಂದ್ರೆ ಓಟು ಬೀಳುತ್ತೆ, ಮಧ್ಯೆ ಅಕ್ಕ ಯಾಕೆ?” ಎಂದಾಗ ಹೂಂಗುಟ್ಟಿದ್ದು ಇವರೇ. ಕಂಡವರ ಮನೆಯ ಬಟ್ಟೆ ಒಗೆದು ಓದಿಸಿದವಳು ಅವಳು. ಶಾಸಕರಾದಾಗ, ಮಂತ್ರಿಯಾದಾಗ, ರಾಜ್ಯಪಾಲರಾದಾಗ ಚರಿತ್ರೆ ಮತ್ತೆ ಮತ್ತೆ ಅಚ್ಚಾಯಿತು. ಕಾಗದ ನುಣುಪಾಗುತ್ತಾ ಹೋಯಿತೇ ಹೊರತು ಅಕ್ಕ ಅದರೊಳಗೆ ಬರಲೇ ಇಲ್ಲ. ನಾಚಿಕೆಯಿಂದ ಅವರ ಕಿವಿ ಬಿಸಿಯಾಯಿತು.

ಸಾಕ್ಷಿಗಾಗಿ ಅಕ್ಕನ ಮಗನಿಗೆ ಫೋನು ಮಾಡಿದರು.

“ಮಣ್ಣು ಮಾಡಿ ಆಯ್ತಲ್ಲ ಮಾವ, ಬೆಳಿಗ್ಗೆ ಎಂಟಕ್ಕೇ.”

“ನನಗೋಸ್ಕರ ಒಂದು ಗಳಿಗೆ ಕಾಯಬಾರದಿತ್ತೇನೋ?”

“ಅವ್ವನೇ ಬೇಡ ಅಂದಿದ್ಳು. ‘ಅವನಿಗೆ ತಿಳಿಸಿ, ಆದ್ರೆ ಕಾಯಬೇಡಿ. ಅವನು ಬಂದು ಅತ್ರೆ ಅವನ ಪುಸ್ತಕ ಸುಳ್ಳಾಗುತ್ತೆ’ ಅಂತ. ಯಾರು ಕೇಳಿದ್ರೂ ನೀವು ಪಕ್ಕದ ಮನೆ ಹುಡುಗ ಅಂತಲೇ ಹೇಳ್ತಿದ್ಳು ಮಾವ.”

ಅವರು ಫೋನು ಇಟ್ಟು ಬಿಕ್ಕಿ ಬಿಕ್ಕಿ ಅತ್ತರು. ವೈದ್ಯರು ಊಟಕ್ಕೆ ಹೋಗಿದ್ದರಿಂದ ತಡೆಯುವವರಿರಲಿಲ್ಲ.

ಮೂರು ಗಂಟೆಗೆ ಕಾರ್ಯದರ್ಶಿ ಪಂದ್ಯ ಗೆದ್ದವರಂತೆ ಓಡಿ ಬಂದರು. “ಸಾಕ್ಷಿ ಬೇಡವಂತೆ ಸಾರ್! ಮಂಜೂರಾಯ್ತು!”

‘ರಾಜ್ಯಪಾಲರ ಅಕ್ಕನ ಅಂತ್ಯಕ್ರಿಯೆಯ ಸಲುವಾಗಿ ಮೂರು ದಿನ.’ ಮೊಹರು, ಸಹಿ ಎಲ್ಲ ಇತ್ತು. ಅವರಿಗೊಬ್ಬಳು ಅಕ್ಕ ಇದ್ದಳೆಂದು ಒಪ್ಪಿಕೊಂಡ ಮೊದಲ ಕಾಗದ ಅದು.

“ಕಾರು ಸಿದ್ಧವಾಗಿದೆ. ಹೊರಡೋಣವಾ ಸಾರ್?”

ರಾಜ್ಯಪಾಲರು ಕಾಗದದಿಂದ ಕಣ್ಣೆತ್ತಿದರು.

“ಎಲ್ಲಿಗ್ರೀ?”