ಉಂಡೆಗೆ ಚುಚ್ಚಿದ ಊದುಬತ್ತಿ

ಅವಸರದಲ್ಲಿ ತಪ್ಪು ಮಾಡಿದವರನ್ನು ಲೋಕ ಬೇಗ ಕ್ಷಮಿಸುತ್ತದೆ. "ಪಾಪ, ಗಡಿಬಿಡೀಲಿ ಆಗೋಯ್ತು" ಅಂದುಬಿಟ್ಟರೆ ಮುಗಿಯಿತು. ನನ್ನ ಕಷ್ಟ ಬೇರೆ. ನಾನು ತಪ್ಪುಗಳನ್ನೂ ಅಚ್ಚುಕಟ್ಟಾಗಿ ಮಾಡುತ್ತೇನೆ. ತಲೆಗೆ ಸ್ನಾನ ಮಾಡಿ, ಇಸ್ತ್ರಿ ಸೀರೆ ಉಟ್ಟು, ನೆಲ ಸಾರಿಸಿ ರಂಗೋಲಿ ಹಾಕಿ ಮಾಡಿದ ತಪ್ಪಿಗೆ ಗಡಿಬಿಡಿಯ ರಿಯಾಯಿತಿ ಯಾರು ಕೊಡುತ್ತಾರೆ? ಕಾನ್ವೆಂಟಿನಲ್ಲಿ ಓದುವಾಗ ಸಿಸ್ಟರ್ ನನ್ನ ನೋಟ್‌ಬುಕ್ಕನ್ನು ಎತ್ತಿ ಹಿಡಿದು ಇಡೀ ಕ್ಲಾಸಿಗೆ ತೋರಿಸುತ್ತಿದ್ದರು. ಲೆಕ್ಕ ತಪ್ಪಿರುತ್ತಿತ್ತು, ಮಾರ್ಜಿನ್ ಮಾತ್ರ ನೆಟ್ಟಗಿರುತ್ತಿತ್ತು. ಈಗಲೂ ನನ್ನ ಬದುಕು ಹೆಚ್ಚುಕಡಿಮೆ ಹಾಗೇ ನಡೆಯುತ್ತಿದೆ.

ಮದುವೆಯಾಗಿ ಮಲ್ಲತ್ತಹಳ್ಳಿಗೆ ಬಂದಾಗ ಗಂಡನ ಮನೆಯವರ ಹೊಲಗಳೆಲ್ಲ ಆಗಲೇ ಸೈಟುಗಳಾಗಿದ್ದವು. ಆದರೂ ನನ್ನ ಓರಗಿತ್ತಿ ಜಯಕ್ಕ ಹಟ ಹಿಡಿದು ಮನೆಯ ಹಿಂದೆ ಶೀಟು ಹೊದಿಸಿದ ಕೊಟ್ಟಿಗೆಯಲ್ಲಿ ಮೂರು ಸೀಮೆಹಸು ಉಳಿಸಿಕೊಂಡಿದ್ದಾರೆ. ಅವರದು ಕೆಳಗಿನ ಮನೆ, ನಮ್ಮದು ಮೇಲಿನದು. ನಮ್ಮ ಬೀದಿಯ ಅರ್ಧ ಮನೆಗಳಿಗೆ ಅವರದೇ ಹಾಲು. ಹಸಿರು ಹುಲ್ಲು ಬೆಳೆಯಲು ಜಾಗವೆಲ್ಲಿ? ಅದಕ್ಕೇ ಸೈಲೇಜ್ ತರಿಸುತ್ತಾರೆ. ಮುಸುಕಿನ ಜೋಳದ ಗಿಡವನ್ನು ಹಸಿಯಾಗಿರುವಾಗಲೇ ಕತ್ತರಿಸಿ, ಒತ್ತಿ ದುಂಡಗೆ ಮಾಡಿ, ಬಿಳಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸುತ್ತಿ ಬಿಗಿದಿರುತ್ತಾರೆ. ಸೊಂಟದೆತ್ತರಕ್ಕೆ ಸ್ವಲ್ಪ ಕಡಿಮೆ, ತೂಕದಲ್ಲಿ ನನ್ನ ಯಜಮಾನರಿಗಿಂತ ಸ್ವಲ್ಪ ಜಾಸ್ತಿ. ನಮ್ಮನೆಯಲ್ಲಿ ಅದಕ್ಕೆ ಉಂಡೆ ಎಂದೇ ಹೆಸರು.

ದಸರಾ ಹೊತ್ತಿಗೆ ಜಯಕ್ಕ ಮಗಳ ಎರಡನೇ ಹೆರಿಗೆಗೆಂದು ಹನ್ನೆರಡು ದಿನ ಮಾಗಡಿಗೆ ಹೊರಟರು. ಹಾಲು ಕರೆದು ಹಾಕುವುದು ಭಾವನ ಕೆಲಸ, ಮೇವು ನನ್ನದು ಎಂದಾಯಿತು. ಹೊರಡುವ ಮುಂಚೆ ಕೊಟ್ಟಿಗೆಯಲ್ಲಿ ನನ್ನನ್ನು ನಿಲ್ಲಿಸಿಕೊಂಡು ಪಾಠ ಮಾಡಿದರು.

"ನೋಡು ಸುಧಾ, ಇದು ಹಸುವಿನ ಉಪ್ಪಿನಕಾಯಿ ಅನ್ಕೋ. ಜಾಡಿಗೆ ಗಾಳಿ ಹೋದ್ರೆ ಏನಾಗುತ್ತೆ? ಬೂಷ್ಟು ಬರುತ್ತೆ. ಅದಕ್ಕೇ ಎಳೀಬೇಡ, ಕೊಕ್ಕೆ ಹಾಕ್ಬೇಡ, ಉರುಳಿಸ್ಕೊಂಡು ಬಾ. ಒಂದು ಮುಗಿಯೋವರ್ಗೂ ಇನ್ನೊಂದನ್ನ ಬಿಚ್ಬೇಡ. ತೆಗೆದ್ಮೇಲೆ ಬಾಯಿ ಬಿಗಿಯಾಗಿ ಕಟ್ಟು. ಗೌರಿ ಐದು ತಿಂಗಳ ಗಬ್ಬ, ಅವಳ ಕಡೆ ಸ್ವಲ್ಪ ಗ್ಯಾನ ಇರ್ಲಿ ಕಣೆ."

ನಾನು ಎಲ್ಲವನ್ನೂ ಬರೆದುಕೊಂಡೆ. ಮಾರ್ಜಿನ್ ಹಾಕಿ.

ಮೊದಲ ಎರಡು ದಿನ ನನ್ನ ಶಿಸ್ತಿಗೆ ನಾನೇ ಮರುಳಾದೆ. ಉಂಡೆಯ ಮೇಲಿನ ಪ್ಲಾಸ್ಟಿಕ್ಕನ್ನು ಕತ್ತರಿಯಿಂದ ಗೆರೆ ಕೊರೆದ ಹಾಗೆ ಬಿಡಿಸಿ, ಒಳಗಿನ ಬಲೆ ಸರಿಸಿ, ಬುಟ್ಟಿಗೆ ತುಂಬಿ ಗೋದಲಿಗೆ ಸುರಿಯುತ್ತಿದ್ದೆ. ಹುಳಿಹುಳಿಯಾದ, ಒಂಥರಾ ಹಿತವಾದ ವಾಸನೆ. ಹಸುಗಳು ಮುಖ ಹುದುಗಿಸಿ ತಿನ್ನುತ್ತಿದ್ದವು. ನನ್ನ ಅಡುಗೆಯನ್ನು ಅಷ್ಟು ಆಸೆಯಿಂದ ತಿಂದವರನ್ನು ನಾನು ಅದುವರೆಗೆ ನೋಡಿರಲಿಲ್ಲ.

ಮೂರನೆಯ ದಿನ ಆಯುಧಪೂಜೆ. ಸ್ಕೂಟರ್, ಕಾರು, ಮಿಕ್ಸಿ, ಹೊಲಿಗೆ ಮಷೀನು ಎಲ್ಲಕ್ಕೂ ಕುಂಕುಮವಿಟ್ಟು ಕೊಟ್ಟಿಗೆಗೆ ಇಳಿದೆ. ಹಸುಗಳಿಗೂ ಹಾಲಿನ ಕ್ಯಾನಿಗೂ ಪೂಜೆಯಾಯಿತು. ಮೂಲೆಯಲ್ಲಿ ಬಿಳಿ ಸೀರೆಯುಟ್ಟು ಸಾಲಾಗಿ ಕೂತ, ಇನ್ನೂ ಬಿಚ್ಚದ ಮೂರು ಉಂಡೆಗಳಿಗೆ ಮಾತ್ರ ಯಾಕೆ ಬೇಸರ ಮಾಡಬೇಕು? ಅರಿಶಿನ ಕುಂಕುಮ ಹಚ್ಚಿ, ಚೆಂಡು ಹೂವಿಟ್ಟು, ಊದುಬತ್ತಿ ಹಚ್ಚಿಕೊಂಡೆ. ಅದನ್ನು ಸಿಕ್ಕಿಸಲು ತಂದಿದ್ದ ಬಾಳೆಹಣ್ಣನ್ನು ಹುಡುಕಿದರೆ, ಅದು ಆಗಲೇ ಗೌರಿಯ ಬಾಯಲ್ಲಿತ್ತು. ಕೈಯಲ್ಲಿ ಹೊಗೆಯಾಡುವ ಆರು ಕಡ್ಡಿ. ಎದುರಿಗೆ ಬಾಳೆಹಣ್ಣಿನಷ್ಟೇ ನಯವಾದ, ತುಂಬಿಕೊಂಡ ಮೈ. ಇಪ್ಪತ್ತು ವರ್ಷ ಊದುಬತ್ತಿ ಸಿಕ್ಕಿಸಿದ ಕೈ ಅದು, ತಲೆಯನ್ನು ಕೇಳಲೇ ಇಲ್ಲ. ಕಡ್ಡಿ ಬಾಗಿತು. ನಾನು ಸೆರಗಿನ ಸೇಫ್ಟಿಪಿನ್ ತೆಗೆದು ಮೊದಲು ತೂತು ಮಾಡಿಕೊಂಡೆ. ಉಂಡೆಗೆ ಎರಡರಂತೆ, ಅಳತೆ ಹಿಡಿದು. ನೋಡಲು ಎಷ್ಟು ಚೆನ್ನಾಗಿತ್ತೆಂದರೆ, ಫೋಟೋ ತೆಗೆದು ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದೆ. ಹದಿನಾಲ್ಕು ಜನ ಕೈಮುಗಿದರು.

ಮರುದಿನ ಕಡ್ಡಿ ಕಿತ್ತು, ಒದ್ದೆ ಬಟ್ಟೆಯಲ್ಲಿ ಅರಿಶಿನ ಕುಂಕುಮ ಒರೆಸಿ ಉಂಡೆಗಳನ್ನು ಲಕಲಕ ಮಾಡಿಟ್ಟೆ. ಸಾಕ್ಷಿ ನಾಶವೆಂದು ಪೊಲೀಸರು ಕರೆಯುವುದು ಇದನ್ನೇ ಇರಬೇಕು.

ಎರಡನೆಯ ಉಂಡೆ ಹೇಗೋ ಮುಗಿಯಿತು. ಮೂರನೆಯದನ್ನು ಬಿಚ್ಚಿದಾಗ ಒಳಗೆ ಬೆಚ್ಚಗಿತ್ತು. ಅಲ್ಲಲ್ಲಿ ಬೂದು ಬಣ್ಣದ ಹತ್ತಿಯಂಥದ್ದು ಅಂಟಿಕೊಂಡಿತ್ತು. ಗೌರಿ ಮೂಸಿ ಮುಖ ತಿರುಗಿಸಿದಳು. ಆ ಕ್ಷಣದಲ್ಲಿ ನನ್ನೊಳಗೆ ಹಾಸ್ಟೆಲಿನ ಸಿಸ್ಟರ್ ಎದ್ದು ನಿಂತರು. ತಟ್ಟೆಯಲ್ಲಿ ಉಪ್ಪಿಟ್ಟು ಉಳಿಸಿದವರ ಪಕ್ಕದಲ್ಲಿ ಅವರು ಸೊಂಟಕ್ಕೆ ಕೈಯಿಟ್ಟು ನಿಲ್ಲುತ್ತಿದ್ದರು, ಕೊನೆಯ ತುತ್ತು ಇಳಿಯುವವರೆಗೆ. ನಾನೂ ಹಾಗೇ ನಿಂತೆ. "ಊಟಾನ ಹಾಗೆಲ್ಲ ಬಿಡಬಾರ್ದಮ್ಮ" ಎಂದು ಬೆಲ್ಲ ಪುಡಿ ಮಾಡಿ ಕಲಸಿಕೊಟ್ಟೆ. ಬೆಲ್ಲದಾಸೆಗೆ ಪಾಪದ್ದು ತಿಂದಿತು. ಇದನ್ನು ಬರೆಯುವಾಗ ನನ್ನ ಕಿವಿ ಬಿಸಿಯಾಗುತ್ತಿದೆ.

ಎರಡು ದಿನಕ್ಕೆ ಗೌರಿ ಮೇವು ಬಿಟ್ಟಳು, ನೀರುನೀರಾಗಿ ಸಗಣಿ ಹಾಕಿದಳು. ಭಾವ ಫೋನ್ ಮಾಡಿದ್ದೇ ಜಯಕ್ಕ ಬಾಣಂತಿಯನ್ನು ಬೀಗಿತ್ತಿಗೆ ಒಪ್ಪಿಸಿ ಬಸ್ಸು ಹತ್ತಿ ಬಂದರು. ಹಸುವಿನ ಡಾಕ್ಟರು ಇಂಜೆಕ್ಷನ್ ಕೊಟ್ಟು, ಉಂಡೆಯನ್ನು ಕೆದಕಿ ನೋಡಿದರು. "ಬೂಷ್ಟು ಹಿಡಿದಿದ್ದನ್ನ ಗಬ್ಬದ ಹಸುಗೆ ಹಾಕೋದಾ? ಕಂದು ಹಾಕ್ಬಿಟ್ರೆ ಏನ್ಮಾಡ್ತೀರಿ? ಕರು ಉಳಿಯುತ್ತೋ ಇಲ್ವೋ, ನಾಲ್ಕು ದಿನ ನೋಡ್ಬೇಕು." ಆಮೇಲೆ ಬಿಚ್ಚದ ನಾಲ್ಕನೆಯ ಉಂಡೆಯ ಮೇಲೆ ಬೆರಳಾಡಿಸಿದರು. "ಇದ್ಯಾವುದು ತೂತು? ಇಲ್ಲಿಂದ್ಲೇ ಗಾಳಿ ಹೋಗಿರೋದು."

ತೂತು ನನಗೆ ಗುರುತು ಸಿಕ್ಕಿತು. ಬಾಯಿ ಮಾತ್ರ ತೆರೆಯಲಿಲ್ಲ. ಜಯಕ್ಕನೇ ತೀರ್ಪು ಕೊಟ್ಟರು. "ಇನ್ನೇನು, ಲೋಡ್ ಇಳಿಸೋವಾಗ ಕೊಕ್ಕೆ ಹಾಕವ್ರೆ!" ಉಂಡೆ ತಂದುಕೊಡುವ ಶಿವಣ್ಣನಿಗೆ ಫೋನ್ ಮಾಡಿ ಬೀದಿಗೆಲ್ಲ ಕೇಳುವ ಹಾಗೆ ಬೈದರು. ಅವನು ಫೋಟೋ ಕೇಳಿದ. "ಸುಧಾ, ಸ್ವಲ್ಪ ತೆಗೆದು ಕಳ್ಸೇ, ನಿಂಗೆ ನೀಟಾಗಿ ಬರುತ್ತೆ" ಅಂದರು ಅಕ್ಕ. ತೆಗೆದೆ. ಸುತ್ತ ಊದುಬತ್ತಿಯ ಕಿಡಿಗೆ ಕರಗಿದ ಕಪ್ಪು ಚುಕ್ಕೆಗಳು ಕಂಡವು. ಅವು ಬಾರದ ಹಾಗೆ ಅಂಚು ಕತ್ತರಿಸಿ ಕಳಿಸಿದೆ. ಮಾರ್ಜಿನ್ ಹಾಕಿ ಅಭ್ಯಾಸವಾದ ಕೈ.

ನಾಲ್ಕು ದಿನ ಬೆಳಿಗ್ಗೆ ಎದ್ದೊಡನೆ ಕೊಟ್ಟಿಗೆಗೆ ಓಡುತ್ತಿದ್ದೆ. "ಎಷ್ಟು ಅಕ್ಕರೆ ನೋಡಿ ಇವಳಿಗೆ!" ಎಂದು ಜಯಕ್ಕ ಭಾವನಿಗೆ ಹೇಳುವಾಗಲೆಲ್ಲ ಗೋದಲಿಯೊಳಗೆ ಮುಖ ಹುದುಗಿಸೋಣ ಅನ್ನಿಸುತ್ತಿತ್ತು. ಐದನೆಯ ದಿನ ಗೌರಿ ರಾಗಿಹುಲ್ಲು ಮೆಲುಕು ಹಾಕಿದಳು. ಡಾಕ್ಟರು ಪರೀಕ್ಷಿಸಿ, "ಕರು ಕ್ಷೇಮ" ಅಂದರು. ನನ್ನ ಪಾಪ ಹೀಗೆ ಸದ್ದಿಲ್ಲದೆ ಮುಗಿಯಿತೆಂದು ನಾನು ದೇವರಿಗೆ ತುಪ್ಪದ ದೀಪ ಹಚ್ಚಿದೆ. ಅವತ್ತೇ ಸಂಜೆ ಶಿವಣ್ಣ ಎರಡು ಹೊಸ ಉಂಡೆಗಳನ್ನು ತಾನೇ ಉರುಳಿಸಿಕೊಂಡು ಬಂದ.

"ತಪ್ಪಾಯ್ತು ಅಕ್ಕ. ಇಪ್ಪತ್ತು ವರ್ಷದಿಂದ ನಮ್ ಲೋಡ್ ಇಳಿಸ್ತಿದ್ದ ಆ ಮುನಿಯಪ್ಪ. ಕೊಕ್ಕೆ ಮುಟ್ಟೇ ಇಲ್ಲ ಅಂತ ಆಣೆ ಮಾಡ್ತಾನೆ. ಸುಳ್ಳು ಬೇರೆ ಹೇಳ್ತೀಯಾ ಅಂತ, ನಾಳೆಯಿಂದ ಬರ್ಬೇಡ ಅಂದ್ಬಿಟ್ಟೆ."

ನನ್ನ ಕೈಯಲ್ಲಿ ಅವನಿಗೆಂದು ತಂದ ಕಾಫಿ ಇತ್ತು. ಮುನಿಯಪ್ಪನನ್ನು ನಾನು ಬಲ್ಲೆ. ತಲೆಗೆ ಟವೆಲ್ ಸುತ್ತಿ, ಉಂಡೆಯನ್ನು ಮಗುವನ್ನು ಮಲಗಿಸಿದ ಹಾಗೆ ಇಳಿಸುವ ಮನುಷ್ಯ. ಲೋಟವನ್ನು ಶಿವಣ್ಣನ ಕೈಗಿಟ್ಟೆ. ಫೋನ್ ತೆಗೆದು, ಹದಿನಾಲ್ಕು ಜನ ಕೈಮುಗಿದ ಆ ಫೋಟೋ ಹುಡುಕಿ ಜಯಕ್ಕನ ಮುಂದೆ ಹಿಡಿದೆ.

ಅಕ್ಕ ಕನ್ನಡಕ ಹಾಕಿಕೊಂಡು ನೋಡಿದರು. ಬಹಳ ಹೊತ್ತು ನೋಡಿದರು. "ಅಯ್ಯೋ ನಿನ್ನ! ಉಂಡೆಗೆ ಊದುಬತ್ತೀನಾ?"

"ಬಾಳೆಹಣ್ಣು ಗೌರಿ ತಿಂದ್ಬಿಟ್ಲು ಅಕ್ಕ..."

"ಹಸು ಮೇಲೆ ಬೇರೆ ಹಾಕ್ತೀಯಾ?" ಎಂದವರು ಮತ್ತೆ ಫೋಟೋದ ಕೆಳಗೆ ಬೆರಳಾಡಿಸಿ ತಡೆದರು. ಕೈಮುಗಿದವರಲ್ಲಿ ಮೊದಲ ಹೆಸರು ಅವರದೇ. "ಥೂ, ನಾನೂ ನೋಡ್ದೇನೇ ಕೈ ಮುಗಿದಿದೀನಲ್ಲೇ!"

ಶಿವಣ್ಣ ಕಾಫಿ ಕುಡಿಯುವುದನ್ನು ಮರೆತು ಅಲ್ಲೇ ನಿಂತು ಮುನಿಯಪ್ಪನಿಗೆ ಫೋನ್ ಮಾಡಿದ. "ಬೆಳಿಗ್ಗೆ ಬಾರಪ್ಪ. ನೀನು ಚುಚ್ಚಿಲ್ವಂತೆ, ಪೂಜೆ ಮಾಡವ್ರೆ." ನಾನು ಫೋನ್ ಇಸಿದುಕೊಂಡು ತಪ್ಪಾಯಿತು ಎಂದೆ. ಆ ಕಡೆಯಿಂದ "ಆಗ್ಲಿ ಬಿಡಿ ಅಮ್ಮ" ಎಂಬ ಎರಡು ಮಾತು. ಬೈದಿದ್ದರೆ ಹಗುರವಾಗುತ್ತಿತ್ತು.

ಹದಿನೈದು ದಿನ ಕಳೆದು ಮುನಿಯಪ್ಪ ಹೊಸ ಲೋಡಿನೊಂದಿಗೆ ಬಂದ. ಉಂಡೆಗಳನ್ನು ಒಂದೊಂದಾಗಿ ಇಳಿಸಿ, ಪ್ರತಿಯೊಂದನ್ನೂ ಸುತ್ತ ತಿರುಗಿಸಿ ನನಗೆ ತೋರಿಸಿದ. "ತೂತಿಲ್ಲ, ನೋಡ್ಕಳಿ ಅಮ್ಮ." ನಾನು ತಲೆಯಾಡಿಸಿದೆ. ಅವನು ಮತ್ತೆ ಗಾಡಿಯೊಳಗೆ ಕೈಹಾಕಿ ಒಂದು ಚಿಪ್ಪು ಬಾಳೆಹಣ್ಣು ತೆಗೆದು ನನ್ನ ಕೈಗಿಟ್ಟ. "ಇದು ಚುಚ್ಕಳಕ್ಕೆ."

ಜಯಕ್ಕ ಬಾಗಿಲಲ್ಲಿ ಕೂತು ನಗಲು ಶುರುಮಾಡಿದವರು ನಿಲ್ಲಿಸಲೇ ಇಲ್ಲ. ಏನು ಮಾಡಬೇಕೆಂದು ತೋಚದೆ ನಾನು ಒಂದು ಹಣ್ಣು ಮುರಿದು ಗೌರಿಯ ಮುಂದೆ ಹಿಡಿದೆ. ಅವಳು ಹಣ್ಣು ಮೂಸಿದಳು. ಆಮೇಲೆ ನನ್ನ ಕೈ ಮೂಸಿದಳು. ಕತ್ತು ತಿರುಗಿಸಿ, ಮುನಿಯಪ್ಪ ಬಂದು ಕೊಡುವವರೆಗೆ ಕಾದು ತಿಂದಳು.