ನಾಲ್ಕು ಬೆರಳು ಜಾಗ

ಎಲ್ಲ ಶುರುವಾದದ್ದು ಒಂದು ಹಳದಿ ಬಾಣದಿಂದ.

ಬೀರೂರು ಬಸ್ ಸ್ಟ್ಯಾಂಡಿನ ಎದುರು ಜೆರಾಕ್ಸ್ ಅಂಗಡಿ ಇಟ್ಟಿದ್ದ ಹೊನ್ನೇಶನಿಗೆ ಒಂದು ವೆಬ್‌ಸೈಟೂ ಇತ್ತು. ಕಡೂರು, ತರೀಕೆರೆ, ಅಜ್ಜಂಪುರಕ್ಕೆ ಹೋಗುವ ಬಸ್ಸು ರೈಲುಗಳ ವೇಳೆಯನ್ನು ಅದರಲ್ಲಿ ಹಾಕುತ್ತಿದ್ದ. ವೇಳೆಪಟ್ಟಿಯ ಕೆಳಗೆ ಯಾವುದೋ ಕಂಪನಿ ಕಳಿಸುವ ಜಾಹೀರಾತು ಬರುತ್ತಿತ್ತು. ಬೇಕಾದವರು ಅದನ್ನು ಒತ್ತಿದರೆ ಇವನಿಗೆ ಚೂರುಪಾರು ಸಿಗುತ್ತಿತ್ತು. ವೆಬ್‌ಸೈಟು ಉಸಿರಾಡುತ್ತಿದ್ದದ್ದೇ ಅದರಿಂದ. ಜಾಹೀರಾತು ಬೋಳಾಗಿ ಕಾಣುತ್ತದೆಂದು ಹಿಂದಿನ ದಿನ ಅದಕ್ಕೂ ವೇಳೆಪಟ್ಟಿಯದೇ ಬಣ್ಣ ಹಚ್ಚಿ, ಪಕ್ಕದಲ್ಲಿ ಹಳದಿ ಬಾಣವೊಂದನ್ನು ಇಟ್ಟಿದ್ದ.

ಬೆಳಿಗ್ಗೆ ಶಟರ್ ಅರ್ಧ ಎತ್ತುವಷ್ಟರಲ್ಲಿ ಫೋನಿಗೆ ಕಂಪನಿಯ ಪತ್ರ ಬಂತು. "ನಿಮ್ಮ ಜಾಹೀರಾತು ಬಸ್ಸಿನ ವೇಳೆಯಂತೆಯೇ ಕಾಣುತ್ತಿದೆ. ಬಾಣ ತೋರಿಸುವಂತಿಲ್ಲ. ಸಂಜೆ ಐದರೊಳಗೆ ಸರಿಪಡಿಸದಿದ್ದರೆ ಖಾತೆ ಮುಚ್ಚಲಾಗುವುದು."

ಕಂಪನಿ ಹೇಳಿದ್ದು ಸುಳ್ಳಲ್ಲ. ಅಜ್ಜಂಪುರದ ಬಸ್ಸೆಂದು ಒತ್ತಿದವರೆಲ್ಲ ಸೀದಾ ಮಂಡಿನೋವಿನ ಎಣ್ಣೆಯ ಅಂಗಡಿಗೆ ಹೋಗಿ ಇಳಿಯುತ್ತಿದ್ದರು.

ಹೊನ್ನೇಶ ನಿಟ್ಟುಸಿರಿಟ್ಟು ಬಾಣ ಅಳಿಸಿದ. ಪಕ್ಕದ ಹೊಲಿಗೆ ಅಂಗಡಿಯ ವನಜಾಕ್ಷಿ ಇಣುಕಿದಳು.

"ಅಯ್ಯೋ, ಕೊರಳಿಲ್ಲದ ಬ್ಲೌಸ್ ಥರ ಆಯ್ತಲ್ಲಣ್ಣ! ಸುತ್ತ ಜರಿ ಅಂಚು ಕೊಡಿ, ಮಿಣಮಿಣ ಅನ್ಲಿ."

"ಮಿಣುಕೋ ಹಂಗಿಲ್ಲ ಕಣಮ್ಮ, ರೂಲ್ಸು."

ಅಷ್ಟರಲ್ಲಿ ರೇವಣಪ್ಪ ಬಂದ. ಮೂವತ್ತು ವರ್ಷ ಸ್ಟೇಷನ್ನಿನ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ರೈಲಿನ ವೇಳೆ ಬರೆದು ರಿಟೈರ್ ಆದವನು. "ಲೇ, 'ದಯವಿಟ್ಟು ಒತ್ತಿ' ಅಂತ ದಪ್ಪಕ್ಷರದಲ್ಲಿ ಬರಿಯೋ."

"ಹಂಗೆ ಕೇಳೋದೂ ತಪ್ಪು ರೇವಣಣ್ಣ."

"ಇದೇನಲೇ, ಬಾಯಿ ಬಿಡ್ದೇ ಭಿಕ್ಷೆ ಬೇಡೋ ಕೆಲ್ಸ!"

ಬಾಗಿಲಲ್ಲಿ ಹೂವಿನ ಬುಟ್ಟಿ ಇಳಿಸಿದ ತಿಮ್ಮಕ್ಕ ಸಮಾಧಾನ ಹೇಳಿದಳು. "ನೀನ್ಯಾಕಪ್ಪ ಹೆದರ್ತೀಯ? ದಿನಾ ದೀಪ ಹಚ್ಚಿದ ಮೇಲೆ ನಾನು ಐದು ಸಲ ಒತ್ತೀನಿ. ನನ್ನ ರೇಷನ್ ಕಾರ್ಡಿಗೆ ಓಡಾಡಿ ಬಿಡಿಗಾಸೂ ಮುಟ್ಲಿಲ್ಲ ನೀನು. ಮುಯ್ಯಿ ತೀರಿಸ್ಬೇಡ್ವಾ?"

"ನಾನೂ ಮೂರು ಸಲ," ಎಂದಳು ವನಜಾಕ್ಷಿ.

ರೇವಣಪ್ಪ ಮೀಸೆ ತೀಡಿದ. "ತರೀಕೆರೆ ಬಸ್ಸಿನ ಕಂಡಕ್ಟರಿಗೂ ಹೇಳಿದೀನಿ. ಸೀಟಿ ಊದೋ ಮುಂಚೆ ಎಲ್ಲರ ಕೈಲೂ ಒತ್ತಿಸ್ತಾನೆ."

ಹೊನ್ನೇಶ ತಲೆ ಹಿಡಿದು ಕುಳಿತ. "ಅಯ್ಯೋ ದೇವರೇ! ಮುಯ್ಯಿಗೆ ಅಂತ ಒತ್ತಿದ್ದು ಗೊತ್ತಾದ್ರೆ ಇವತ್ತೇ ಖಾತೆ ಮುಚ್ತಾರೆ. ಕೈ ಮುಗೀತೀನಿ, ಇನ್ನು ಮೇಲೆ ಯಾರೂ ಅದನ್ನ ಮುಟ್ಟಬೇಡಿ."

ತಿಮ್ಮಕ್ಕನ ಮುಖ ಮಧ್ಯಾಹ್ನದ ಮಲ್ಲಿಗೆಯಂತಾಯಿತು. ಬುಟ್ಟಿ ಎತ್ತಿಕೊಂಡು ಹೋದಳು. ಹನ್ನೊಂದಕ್ಕೆ ಕರೆಂಟೂ ಹೋಯಿತು. ಅದು ವಾಪಸು ಬಂದಾಗ ಎರಡೂವರೆ; ಪ್ರಿಂಟರಿನ ಮೇಲೆ ತಿಮ್ಮಕ್ಕನ ಡಬ್ಬಿಯಲ್ಲಿ ಚಿತ್ರಾನ್ನ ಇತ್ತು. ಯಾವಾಗ ಇಟ್ಟಳೋ, ಅವನು ನೋಡಿರಲಿಲ್ಲ.

ಹೊನ್ನೇಶ ತಿನ್ನುತ್ತಲೇ ಕೆಲಸಕ್ಕೆ ಕುಳಿತ. ಜಾಹೀರಾತಿಗೆ ಬಿಳಿ ಬಣ್ಣ, ಸುತ್ತ ಸಣ್ಣ ಗೆರೆ, ತಲೆಯ ಮೇಲೆ 'ಜಾಹೀರಾತು' ಎಂಬ ಮಾತು. ವೇಳೆಪಟ್ಟಿಗೂ ಅದಕ್ಕೂ ಎಷ್ಟು ಜಾಗ ಬಿಡುವುದು? ಪರದೆಗೆ ಬೆರಳಿಟ್ಟು ಅಳೆದ.

"ನಾಲ್ಕು ಬೆರಳು," ಎಂದು ಹಿಂದಿನಿಂದ ರೇವಣಪ್ಪ ಗಟ್ಟಿಯಾಗಿ ಎಣಿಸಿದ. "ಬಾಣ ಇಲ್ಲ, ಬೇಡಿಕೆ ಇಲ್ಲ. ತಿಳೀತು. ಆ ವೇಳೆಪಟ್ಟೀದೊಂದು ಪ್ರಿಂಟ್ ಕೊಡಪ್ಪ."

ಹೊನ್ನೇಶ ತಲೆಯೆತ್ತದೆ ಪ್ರಿಂಟ್ ಕೊಟ್ಟು ಕಳಿಸಿದ.

ಐದಕ್ಕೆ ಹತ್ತು ನಿಮಿಷ ಇರುವಾಗ ಕಂಪನಿಗೆ ಬರೆದ. ಐದೂಕಾಲಿಗೆ ಉತ್ತರ ಬಂತು: "ಸರಿಯಾಗಿದೆ. ಖಾತೆ ಮುಂದುವರಿಯುತ್ತದೆ."

ಬೆಳಗಿನಿಂದ ಮೊದಲ ಸಲ ಅವನು ಕುರ್ಚಿಗೆ ಬೆನ್ನು ಕೊಟ್ಟ. ಇವತ್ತು ಎಷ್ಟು ಜನ ಸೈಟು ನೋಡಿದ್ದಾರೆಂದು ತೆರೆದ. ನಾಲ್ಕು ಗಂಟೆಯಿಂದ ಈಚೆಗೆ ಒಂದು ನರಪಿಳ್ಳೆಯೂ ಬಂದಿರಲಿಲ್ಲ. ನೆಟ್ ಕೆಟ್ಟಿತೇ ಎಂದು ಹೊರಗೆ ಬಂದರೆ, ಬಸ್ ಸ್ಟ್ಯಾಂಡಿನ ಜನವೆಲ್ಲ ಒಂದು ಕಂಬದ ಹತ್ತಿರ ಗುಂಪುಗೂಡಿತ್ತು. ಕಂಬಕ್ಕೆ ಕಪ್ಪು ಹಲಗೆ. ಅದರ ಮೇಲೆ ಮುತ್ತಿನಂಥ ಅಕ್ಷರಗಳಲ್ಲಿ ಕಡೂರು, ತರೀಕೆರೆ, ಅಜ್ಜಂಪುರದ ಅಷ್ಟೂ ವೇಳೆಗಳು.

ರೇವಣಪ್ಪ ಕೈಯ ಸುಣ್ಣ ಕೊಡವಿದ. "ಫೋನ್ ತೆಗೆದ್ರೆ ತಾನೇ ಬೆರಳು ತಪ್ಪಿ ಅಲ್ಲಿ ತಾಗೋದು? ಇನ್ಮೇಲೆ ಒಬ್ರೂ ನಿನ್ನ ಸೈಟಿನ ಕಡೆ ತಲೆ ಹಾಕಲ್ಲ. ಕಂಡಕ್ಟರ್‌ಗಳಿಗೆಲ್ಲ ಹೇಳ್ಬಿಟ್ಟಿದೀನಿ. ನಿನ್ನ ಖಾತೆ ಭದ್ರ ಕಣೋ!"

ಹೊನ್ನೇಶ ಬಾಯಿ ತೆರೆದ. ಕಂಬದ ಪಕ್ಕ ಬುಟ್ಟಿ ಇಟ್ಟುಕೊಂಡು ನಿಂತಿದ್ದ ತಿಮ್ಮಕ್ಕ ಅವನ ಮುಖವನ್ನೇ ನೋಡುತ್ತಿದ್ದಳು, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ಮಗುವಿನಂತೆ. ಬಾಯಿ ಮುಚ್ಚಿದ.

ಹಲಗೆಯ ಕೆಳಗೆ, ವೇಳೆಗಳಿಂದ ಸರಿಯಾಗಿ ನಾಲ್ಕು ಬೆರಳು ಜಾಗ ಬಿಟ್ಟು, ಒಂದು ಚೌಕ ಇತ್ತು. ತಲೆಯ ಮೇಲೆ 'ಜಾಹೀರಾತು'. ಒಳಗೆ 'ತಿಮ್ಮಕ್ಕನ ಹೂವು' ಎಂದಷ್ಟೇ ಬರೆದಿತ್ತು. ಬಾಣ ಇರಲಿಲ್ಲ.

"ರೂಲ್ಸಿನ ಪ್ರಕಾರ ಐತೇನಪ್ಪಾ?" ತಿಮ್ಮಕ್ಕ ಅಳುಕುತ್ತ ಕೇಳಿದಳು.

"ಸರಿಯಾಗಿದೆ ತಿಮ್ಮಕ್ಕ," ಎಂದ ಹೊನ್ನೇಶ. "ಒಂದು ಮೊಳ ಕೊಡಿ."